ಹಿರೇಕೆರೆಯ ಡೊಳ್ಳಿಗಳು: ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಬರ್ದ ಹಿರೇಕೆರೆ ಕಥೆ ಓದಿದೋರು ಯಾರೂ ರಾಕೆಟ್ ಬಗ್ಗೆ ಕೇಳಲ್ಲ, ಅಲ್ಲಿಗೆ ಹೋದ ಜನದ ಬಗ್ಗೆನೂ ಕೇಳಲ್ಲ, ಎಲ್ಲಾ ಡೊಳ್ಳಿ ಬಗ್ಗೆನೇ. ಒಬ್ಬೊಬ್ರಿಗೂ ಬೇರೆ ಬೇರೆ ಹೇಳಿ ಸಾಕಾಗಿ ಎಲ್ಲಾ ಒಂದೇ ಕಡೆ ಬರ್ದಿಟ್ಟಿದೀನಿ. ಎಲ್ಲೆಲ್ಲಿ ‘ಕಥೇಲಿ’ ಅಂತ ಐತೋ, ಡೊಳ್ಳಿ, ಹಿರೇಕೆರೆ ಅನ್ನೋ ಹೆಸರು ಐತೋ ಅದು ನಾನು ಕಟ್ಟಿದ್ದು, ಉಳಿದಿದ್ದು ಈ ಭೂಮಿ ಮೇಲಿನ ತಿಮಿಂಗಿಲ ಡಾಲ್ಫಿನ್‌ಗಳ ನಿಜವಾದ ವಿಚಾರ. ಎರಡನ್ನೂ ಕಲಸಿ ವಾಟ್ಸಾಪಲ್ಲಿ ಫಾರ್ವರ್ಡ್ ಮಾಡ್ಬೇಡ್ರಪ್ಪ.

ಡೊಳ್ಳಿ ಅಂದ್ರೆ ಏನು? ಕಥೆ ಓದೋಕೆ ಟೈಮಿಲ್ಲ, ಎರಡು ಮಾತಲ್ಲಿ ಹೇಳ್ರಿ.

ಹಿರೇಕೆರೆ ಅನ್ನೋ ಗ್ರಹದಲ್ಲಿರೋ ಸಮುದ್ರದ ಸಸ್ತನಿ. ಆ ಗ್ರಹದಲ್ಲಿ ನಾಕಾರು ಬಂಡೆ ದ್ವೀಪ ಬಿಟ್ರೆ ಬರೀ ನೀರು. ಡೊಳ್ಳಿ ಮೂತಿ ಸೇರಿ ಆರು ಮೀಟರ್ ಉದ್ದ, ತೂಕ ಹತ್ರತ್ರ 1,300 ಕೆಜಿ, ಕಣ್ಣು ಹೆಸರಿಗಷ್ಟೇ, ಕೆಲಸ ಎಲ್ಲಾ ಕಿವಿದು. ಹಿಂಡಲ್ಲಿ ಇರ್ತಾವೆ, ಹಿಂಡಿಗೆ ಒಬ್ಬಳು ಅಜ್ಜಿ ಯಜಮಾನಿ. 50 ನಿಮಿಷ ನೀರೊಳಗೆ ಇರಬಲ್ಲವು, ಆಮೇಲೆ ಮೇಲೆ ಬಂದು ಉಸಿರು ತಗೊಳ್ಳೇಬೇಕು. ಈ ಕೊನೇ ಮಾತು ಮರೀಬೇಡ್ರಿ, ಕೆಳಗಿನ ಉತ್ತರ ಅರ್ಧಕ್ಕರ್ಧ ಅಲ್ಲಿಂದನೇ ಹುಟ್ಟೋದು.

ಅದು ಮೀನಾ?

ಅಲ್ಲ. ಶ್ವಾಸಕೋಶ ಐತೆ, ಮರಿ ಹಾಕುತ್ತೆ, ಹಾಲು ಕುಡಿಸುತ್ತೆ. ಮುಂದಿನ ಪ್ರಶ್ನೆ.

ಬೇರೆ ಗ್ರಹದಲ್ಲಿ ಸಸ್ತನಿ ಹೆಂಗ್ರಿ ಬಂತು? ಏಲಿಯನ್ ಅಂದ್ರೆ ಏಲಿಯನ್ ಥರ ಇರ್ಬೇಕಲ್ವಾ?

ಸರಿಯಾದ ಪ್ರಶ್ನೆ, ಬಹಳ ಜನ ಕೇಳಲ್ಲ ಇದನ್ನ. ಸಸ್ತನಿ ಅನ್ನೋದು ಒಂದು ವಂಶದ ಹೆಸರು, ಭೂಮಿ ಮೇಲೆ ಒಂದು ಕಡೆಯಿಂದ ಕವಲೊಡೆದು ಬಂದಿರೋ ಕುಟುಂಬ. ಬೇರೆ ಗ್ರಹದಲ್ಲಿ ಹಾಲು ಕುಡಿಸೋ ಯಾವುದೋ ಪ್ರಾಣಿ ತಾನಾಗೇ ಹುಟ್ಟಿದ್ರೂ ಅದು ನಮ್ಮ ನೆಂಟ ಆಗಲ್ಲ, ಸಸ್ತನಿನೂ ಆಗಲ್ಲ. ಹಾಗಾಗಿ ಡೊಳ್ಳಿ ಸಸ್ತನಿ ಅಂತ ನಾನು ಹೇಳಿದ ಮೇಲೆ ಅದರ ಮುತ್ತಜ್ಜಿ ಭೂಮಿಯವಳೇ ಆಗಿರ್ಬೇಕು, ಬೇರೆ ದಾರಿ ಇಲ್ಲ.

ಕಥೇಲಿ ಇವತ್ತಿಂದ ಆರುನೂರು ವರ್ಷ ಆದ್ಮೇಲೆ ಜನ ಹಿರೇಕೆರೆಗೆ ಹೋಗ್ತಾರೆ. ಅಲ್ಲಿನ ಸೂಕ್ಷ್ಮಜೀವಿಗಳು ಕೋಟಿಗಟ್ಟಲೆ ವರ್ಷ ಕೂತು ಗಾಳಿಗೆ ಆಕ್ಸಿಜನ್ ಬಿಟ್ಟಿರ್ತಾವೆ, ಆದ್ರೆ ಬರೀ ನೂರಕ್ಕೆ 15 ಭಾಗ, ನಮ್ಮಲ್ಲಿ 21 ಐತಲ್ಲ. ಲೇಹ್‌ಗೆ ಹೋಗಿ ಬಂದೋರಿಗೆ ಅಲ್ಲಿ ಮೆಟ್ಲು ಹತ್ತೋದು ಹೆಂಗಿರುತ್ತೆ ಅಂತ ಗೊತ್ತು, ಹಿರೇಕೆರೆ ಅದಕ್ಕಿಂತ ಒಂಚೂರು ವಾಸಿ ಅಷ್ಟೇ. ಜನ ಮೊದ್ಲು ಪಾಚಿ ಬಿಟ್ರು, ಆಮೇಲೆ ಸೀಗಡಿ, ಆಮೇಲೆ ಸಣ್ಣ ಮೀನು, ಇವೆಲ್ಲ ನೆಲೆ ನಿಂತ ಮೇಲೆ ನಾಕು ತಲೆಮಾರು ಬಿಟ್ಟು, ಗಂಗಾ ಡಾಲ್ಫಿನ್‌ನ ತಿದ್ದಿ ದೊಡ್ಡದು ಮಾಡಿದ ಡೊಳ್ಳಿಗಳನ್ನ ಬಿಟ್ರು. ಯಾಕೆ ಬಿಟ್ರು ಅಂದ್ರೆ ಮುಳುಗಿ ಕೆಲಸ ಮಾಡ್ಲಿ ಅಂತ. ಅವು ಕೆಲಸ ಮಾಡ್ಲಿಲ್ಲ, ಅದೇ ಕಥೆ.

ಮೂಲ ಪ್ರಾಣಿ ಗಂಗಾ ಡಾಲ್ಫಿನ್ನೇ ಯಾಕೆ? ನೀಲಿ ತಿಮಿಂಗಿಲ ಇಟ್ಟಿದ್ರೆ ಗತ್ತಿರ್ತಿತ್ತು.

ಗತ್ತು ಎಲ್ರೂ ಇಡ್ತಾರೆ. ಗಂಗಾ ಡಾಲ್ಫಿನ್ ನೋಡ್ರಿ, ಕಣ್ಣಲ್ಲಿ ಲೆನ್ಸೇ ಇಲ್ಲ, ಬೆಳಕು ಕತ್ತಲು ಗೊತ್ತಾದ್ರೆ ಹೆಚ್ಚು. ಕೆಸರು ನೀರಲ್ಲಿ ಕ್ಲಿಕ್ ಕ್ಲಿಕ್ ಅಂತ ಶಬ್ದ ಬಿಟ್ಟು ವಾಪಸ್ ಬರೋ ಸದ್ದಲ್ಲೇ ಮೀನು ಎಲ್ಲೈತೆ, ತಳ ಎಲ್ಲೈತೆ ಅಂತ ತಿಳ್ಕೊಳ್ಳುತ್ತೆ, ಎಷ್ಟೋ ಸಲ ಮಗ್ಗಲಾಗಿ ಈಜುತ್ತೆ. ಹೆಣ್ಣು ಗಂಡಿಗಿಂತ ದೊಡ್ಡದು. ತಲೆ ಮೇಲಿನ ಉಸಿರಿನ ತೂತು ಬೇರೆ ಡಾಲ್ಫಿನ್ ಥರ ಅಡ್ಡ ಚಂದ್ರಾಕಾರ ಅಲ್ಲ, ಉದ್ದುದ್ದ ಸೀಳು. ಕತ್ತಲ ಸಮುದ್ರಕ್ಕೆ ಕಳಿಸೋಕೆ ಇದಕ್ಕಿಂತ ತಯಾರಾಗಿರೋ ಪ್ರಾಣಿ ಎಲ್ಲಿ ಸಿಗುತ್ತೆ. ಸಿಹಿನೀರಿಂದು ಉಪ್ಪು ನೀರಲ್ಲಿ ಹೆಂಗೆ ಅಂದ್ರೆ, ಅದರ ಪುರಾತನ ನೆಂಟರು ಸಮುದ್ರದಲ್ಲೇ ಇದ್ದೋರು, ಪಳೆಯುಳಿಕೆ ಸಿಕ್ಕಾವೆ. ಮತ್ತೆ ಕಥೇಲಿ ಹಿರೇಕೆರೆ ನೀರಲ್ಲಿ ಲೀಟರಿಗೆ 9 ಗ್ರಾಂ ಉಪ್ಪು ಇಟ್ಟಿದೀನಿ, ನಮ್ಮ ಸಮುದ್ರದಲ್ಲಿ 35 ಗ್ರಾಂ ಇರುತ್ತೆ.

ಇನ್ನೊಂದು ಕಾರಣ ಐತೆ. ತಿಮಿಂಗಿಲದ ವಂಶ ನಮ್ಮ ಕಡೆಯದೇ. ಜಮ್ಮುವಿನ ಕಾಲಾಕೋಟ್ ಹತ್ರ ಸಿಕ್ಕ ಇಂಡೋಹಯಸ್ ಅನ್ನೋ ಬೆಕ್ಕಿನ ಗಾತ್ರದ ಗೊರಸಿನ ಪ್ರಾಣಿ, ಸುಮಾರು 4.8 ಕೋಟಿ ವರ್ಷ ಹಿಂದಿಂದು, ತಿಮಿಂಗಿಲಗಳಿಗೆ ತೀರಾ ಹತ್ರದ ಸಂಬಂಧಿ ಅಂತ 2007ರಲ್ಲಿ ತೋರಿಸಿದ್ರು. ಆ ಕಲ್ಲುಗಳನ್ನ ಮೊದಲು ಕೂಡಿಟ್ಟವರು ಎ. ರಂಗರಾವ್ ಅನ್ನೋ ಭೂವಿಜ್ಞಾನಿ. ಕಛ್‌ನಲ್ಲೂ ಹಳೇ ತಿಮಿಂಗಿಲಗಳ ಮೂಳೆ ಸಿಕ್ಕಾವೆ. ನೆಲದ ಮೇಲೆ ನಡೀತಿದ್ದ ಪ್ರಾಣಿ ನೀರಿಗಿಳಿದಿದ್ದು ಈ ಉಪಖಂಡದ ದಂಡೇಲೇ ಅಂದ್ಮೇಲೆ ಡೊಳ್ಳಿನೂ ಇಲ್ಲಿಂದನೇ ಹೋಗ್ಲಿ ಬಿಡ್ರಿ.

ದಾವಣಗೆರೆಯೋರಿಗೆ ಯಾಕ್ರೀ ಸಮುದ್ರದ ಉಸಾಬರಿ? ಕುಂದಾಪುರದೋರು ಬರೀಬೇಕಿತ್ತು ಇದನ್ನ.

ಬರೀಲಿ, ಬೇಡ ಅಂದೋರು ಯಾರು. ಆದ್ರೆ ಸಮುದ್ರ ನಮಗೆ ಸಂಬಂಧ ಇಲ್ಲ ಅನ್ನೋ ಮಾತು ಒಪ್ಪಲ್ಲ. ಚಿತ್ರದುರ್ಗದಿಂದ ಹಿರಿಯೂರು ಕಡೆ ಹೋಗೋವಾಗ ಮರಡಿಹಳ್ಳಿ ಅಂತ ಐತೆ, ಅಲ್ಲಿನ ಪಿಲ್ಲೋ ಲಾವಾ ಬಂಡೆಗಳನ್ನ ಜಿಯೊಲಾಜಿಕಲ್ ಸರ್ವೇದೋರು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಮಾಡಿದಾರೆ. ಕೋಟೆಗೆ ಬಸ್ ತುಂಬಾ ಜನ ಬರ್ತಾರೆ, ಇಲ್ಲಿಗೆ ಬರೋರು ಕಮ್ಮಿ. ಕಾದ ಲಾವಾ ನೀರಿನ ತಳದಲ್ಲಿ ಉಕ್ಕಿದಾಗ ಹೊರಮೈ ತಕ್ಷಣ ತಣ್ಣಗಾಗಿ ಸಿಪ್ಪೆ ಕಟ್ಟುತ್ತೆ, ಒಳಗಿಂದ ಇನ್ನೂ ತಳ್ಳುತ್ತೆ, ಸಿಪ್ಪೆ ಒಡ್ಕೊಂಡು ಪಕ್ಕದಲ್ಲಿ ಇನ್ನೊಂದು ಉಬ್ಬುತ್ತೆ, ಹಿಂಗೇ ಒಂದರ ಮೇಲೊಂದು ತಲೆದಿಂಬು ಜೋಡಿಸಿದಂಗೆ ಆಗುತ್ತೆ. ಹೋಗಿ ಕೂತು ನೋಡ್ರಿ, ಒಂದೊಂದು ಉಬ್ಬಿನ ಸುತ್ತ ಅಂಚು ಬೇರೆ ಥರ ಕಾಣುತ್ತೆ, ಮೇಲಿನ ಉಬ್ಬು ಕೆಳಗಿನ ಎರಡು ಉಬ್ಬುಗಳ ಸಂದಿಗೆ ಇಳಿಬಿದ್ದಿರುತ್ತೆ, ಮೆತ್ತಗಿದ್ದಾಗ ಕೂತಿದ್ದು ಹಂಗೇ ಕಲ್ಲಾಗೈತೆ. ಬಿಸಿಲಿಗೆ ಕಾದಿರೋ ಆ ಕಲ್ಲಿನ ಮೇಲೆ ಕೈಯಿಟ್ರೆ ನೀವು ಸಮುದ್ರದ ತಳ ಮುಟ್ಟಿದಂಗೆ. ಸುಮಾರು 250 ಕೋಟಿ ವರ್ಷ ಹಿಂದಿನ ಸಮುದ್ರ.

ಇದರಲ್ಲಿ ಒಂದು ಮಜಾ ಐತೆ. ಆವಾಗ ಭೂಮಿ ಗಾಳೀಲಿ ಆಕ್ಸಿಜನ್ ಅನ್ನೋದು ಇಲ್ಲ ಅನ್ನೋಷ್ಟು ಕಮ್ಮಿ, ಅದು ಏರೋಕೆ ಶುರುವಾಗಿದ್ದು ಅದಾಗಿ ಕೋಟ್ಯಂತರ ವರ್ಷ ಕಳೆದ ಮೇಲೆ. ಅಂದ್ರೆ ಚಿತ್ರದುರ್ಗದಲ್ಲಿ ಸಮುದ್ರ ಇದ್ದಾಗ ಉಸಿರಾಡೋ ಗಾಳಿ ಇರ್ಲಿಲ್ಲ, ಗಾಳಿ ಬಂದಾಗ ಸಮುದ್ರ ಇಲ್ಲ. ಆ ಮರಡಿಹಳ್ಳಿ ಸಮುದ್ರಕ್ಕೆ ಡೊಳ್ಳಿ ಬಿಟ್ಟಿದ್ರೆ ಮೊದಲನೇ ಸಲ ಮೇಲೆ ಬಂದಾಗಲೇ ಸತ್ತು ತೇಲಿರೋದು. ಹಿರೇಕೆರೆಗೆ 15 ಪರ್ಸೆಂಟ್ ಆಕ್ಸಿಜನ್ ಅಂತ ಇಟ್ಟಿದ್ದು ಈ ಲೆಕ್ಕ ತಲೇಲಿ ಇಟ್ಕೊಂಡೇ, ಪೂರ್ತಿ ಇಲ್ಲದಂಗೂ ಅಲ್ಲ, ಸಾಕಾಗುವಷ್ಟೂ ಅಲ್ಲ.

ಇನ್ನು ಕಥೇಲಿ ಹಿರೇಕೆರೆಗೆ ರಾಕೆಟ್ ಹೊರಡೋದು ಚಳ್ಳಕೆರೆಯಿಂದ ಯಾಕೆ ಅಂತಾನೂ ಕೇಳ್ತಾರೆ. ಚಂದ್ರಯಾನದ ಲ್ಯಾಂಡರ್ ಸೆನ್ಸರ್ ಪರೀಕ್ಷೆ ಮಾಡೋಕೆ ಇಸ್ರೋದೋರು ಚಳ್ಳಕೆರೆ ಹತ್ರದ ಉಳ್ಳಾರ್ತಿ ಕಾವಲಲ್ಲಿ ಚಂದ್ರನ ಮೇಲಿರೋ ಥರ ಕುಳಿ ತೋಡಿದ್ದು ನಿಜ. ಅಷ್ಟು ಸಾಕು ನನಗೆ.

50 ನಿಮಿಷ ಉಸಿರು ಕಟ್ಟೋದು ಜಾಸ್ತಿ ಆಯ್ತು, ನಂಬೋಂಗಿಲ್ಲ.

ಇದು ಕಮ್ಮಿ ಕಣ್ರೀ. ಕುವಿಯರ್ಸ್ ಬೀಕ್ಡ್ ವೇಲ್ ಅನ್ನೋ ತಿಮಿಂಗಿಲ ಒಂದೇ ಉಸಿರಲ್ಲಿ 222 ನಿಮಿಷ ಮುಳುಗಿದ್ದು ದಾಖಲೆ ಐತೆ, ಮೂರು ಗಂಟೆ 42 ನಿಮಿಷ, ಅದೇ ಜಾತಿ 2,992 ಮೀಟರ್ ಆಳಕ್ಕೂ ಹೋಗೈತೆ. ನಾನು ಪಾಪ 50 ಇಟ್ಟಿದೀನಿ, ಯಾಕಂದ್ರೆ ಅಲ್ಲಿನ ಗಾಳಿ ಬಡವ.

ಲೆಕ್ಕ ಹಿಂಗೈತೆ, ಒಂಚೂರು ತಾಳ್ಮೆಯಿಂದ ಓದ್ರಿ. ಗಂಗಾ ಡಾಲ್ಫಿನ್ 80 ಕೆಜಿ ಅಂತ ಇಟ್ಕೊಳ್ಳಿ. ಡೊಳ್ಳಿ ಅದರ 16 ಪಟ್ಟು, 1,280 ಕೆಜಿ. ಆಕ್ಸಿಜನ್ ಇಟ್ಕೊಳ್ಳೋ ರಕ್ತ, ಮಾಂಸ ಎಲ್ಲಾ 16 ಪಟ್ಟು ಆಯ್ತು. ಆದ್ರೆ ಮೈ ಖರ್ಚು ಮಾಡೋ ಶಕ್ತಿ ತೂಕದ ಜೊತೆ ಅಷ್ಟೇ ಏರಲ್ಲ, ತೂಕದ ಮುಕ್ಕಾಲು ಘಾತದಲ್ಲಿ ಏರುತ್ತೆ, ಕ್ಲೈಬರ್ ನಿಯಮ ಅಂತಾರೆ. 16ಕ್ಕೆ ಅದು 8 ಆಗುತ್ತೆ. ಅಂದ್ರೆ ಗೋದಾಮು 16 ಪಟ್ಟು, ಖರ್ಚು 8 ಪಟ್ಟು, ಮೈ ದೊಡ್ಡದು ಮಾಡಿದ್ದಕ್ಕೇ ಎರಡು ಪಟ್ಟು ಹೊತ್ತು ಪುಕ್ಕಟೆ ಸಿಕ್ತು. ಆಳಕ್ಕೆ ಹೋಗೋ ಪ್ರಾಣಿಗಳು ದೊಡ್ಡದಾಗೇ ಇರೋದಕ್ಕೆ ಇದೂ ಒಂದು ಕಾರಣ.

ಉಳಿದಿದ್ದು ಮಯೋಗ್ಲೋಬಿನ್ ಕೆಲಸ. ಮಾಂಸಖಂಡದೊಳಗೆ ಆಕ್ಸಿಜನ್ ಹಿಡಿದಿಟ್ಕೊಳ್ಳೋ ಪ್ರೋಟೀನ್ ಅದು, ಮುಳುಗೋ ಪ್ರಾಣಿಗಳ ಮಾಂಸ ಕಪ್ಪುಗೆಂಪು ಇರೋದು ಅದರಿಂದ್ಲೇ. ಜಗತ್ತಲ್ಲಿ ಮೊದಲನೇ ಸಲ ಒಂದು ಪ್ರೋಟೀನಿನ ಆಕಾರ ಕಂಡುಹಿಡಿದಿದ್ದು ಸ್ಪರ್ಮ್ ತಿಮಿಂಗಿಲದ ಮಯೋಗ್ಲೋಬಿನ್‌ದೇ, 1958ರಲ್ಲಿ ಜಾನ್ ಕೆಂಡ್ರ್ಯೂ, 1962ರಲ್ಲಿ ಮ್ಯಾಕ್ಸ್ ಪೆರುಟ್ಜ್ ಜೊತೆ ನೊಬೆಲ್ ಬಂತು. ಪ್ರೋಟೀನ್ ಜಾಸ್ತಿ ತುಂಬಿದ್ರೆ ಒಂದಕ್ಕೊಂದು ಅಂಟ್ಕೊಂಡು ಗಂಟಾಗಬೇಕಲ್ವಾ, ತಿಮಿಂಗಿಲದಲ್ಲಿ ಆಗಲ್ಲ, ಅವುಗಳ ಮಯೋಗ್ಲೋಬಿನ್ ಹೊರಮೈಮೇಲೆ ಪಾಸಿಟಿವ್ ಚಾರ್ಜ್ ಜಾಸ್ತಿ, ಒಂದನ್ನೊಂದು ದೂರ ತಳ್ತಾವೆ, 2013ರಲ್ಲಿ ಇದನ್ನ ಲೆಕ್ಕ ಹಾಕಿ ತೋರಿಸಿದ್ರು. ಕಥೇಲಿ ವಿಜ್ಞಾನಿಗಳು ಡೊಳ್ಳಿಗೆ ಮಾಡಿದ ದೊಡ್ಡ ರಿಪೇರಿ ಇದೊಂದೇ.

ಜೊತೆಗೆ ಮುಳುಗಿದ ತಕ್ಷಣ ಎದೆಬಡಿತ ಇಳಿಯುತ್ತೆ. ನೀಲಿ ತಿಮಿಂಗಿಲಕ್ಕೆ ಯಂತ್ರ ಅಂಟಿಸಿ ಅಳೆದಾಗ ನಿಮಿಷಕ್ಕೆ ಎರಡು ಬಡಿತಕ್ಕೆ ಇಳಿದಿದ್ದು ಕಂಡಿತ್ತು, 2019ರ ಸುದ್ದಿ. ಮತ್ತೆ ಮೇಲೆ ಬಂದಾಗ ನಾವು ಸುಮ್ನೆ ಕೂತು ಉಸಿರಾಡಿದ್ರೆ ಶ್ವಾಸಕೋಶದ ಗಾಳಿ ಹತ್ತು ಹದಿನೈದು ಪರ್ಸೆಂಟ್ ಬದಲಾದ್ರೆ ಹೆಚ್ಚು, ತಿಮಿಂಗಿಲ ಒಂದೇ ಉಸಿರಿಗೆ ಎಂಬತ್ತು ತೊಂಬತ್ತು ಪರ್ಸೆಂಟ್ ಬದಲಾಯಿಸುತ್ತೆ. ಡೊಳ್ಳಿ ಹಂಗೇ ಮಾಡಿದ್ರೂ ಗಾಳೀಲಿ ಸಾರ ಕಮ್ಮಿ, ಅದಕ್ಕೇ ಮೇಲೆ ಜಾಸ್ತಿ ಹೊತ್ತು ಇರ್ಬೇಕು. 50 ನಿಮಿಷ ಕೆಳಗೆ, 20 ನಿಮಿಷ ಮೇಲೆ. ಆ 20 ನಿಮಿಷದಲ್ಲೇ ಮನುಷ್ಯರ ಕೈಗೆ ಸಿಗೋದು ಅವು, ಕಥೇಲಿ ಆಗೋ ಅನಾಹುತ ಎಲ್ಲಾ ಆ 20 ನಿಮಿಷದ್ದು.

ಅಷ್ಟು ಆಳದಿಂದ ಸರ್ರಂತ ಮೇಲೆ ಬಂದ್ರೆ ರಕ್ತದಲ್ಲಿ ಗುಳ್ಳೆ ಏಳಲ್ವಾ?

ಸ್ಕೂಬಾ ಮಾಡಿದೋರು ಕೇಳೋ ಪ್ರಶ್ನೆ. ಸ್ಕೂಬಾದಲ್ಲಿ ನೀವು ಕೆಳಗಿದ್ದಾಗಲೂ ಒತ್ತಡದ ಗಾಳಿ ಎಳ್ಕೊಳ್ತಾನೇ ಇರ್ತೀರಿ, ನೈಟ್ರೋಜನ್ ರಕ್ತಕ್ಕೆ ಇಳೀತಾನೇ ಇರುತ್ತೆ. ತಿಮಿಂಗಿಲ ಮೇಲಿಂದ ತಂದಿದ್ದು ಒಂದೇ ಎದೆ ಗಾಳಿ, ಆಳಕ್ಕೆ ಹೋದಂಗೆ ಶ್ವಾಸಕೋಶನೇ ಮುದುಡ್ಕೊಂಡು ಬಿಡುತ್ತೆ, ಗಾಳಿ ರಕ್ತಕ್ಕೆ ಸೇರೋ ಜಾಗದಿಂದ ಹಿಂದೆ ಸರಿಯುತ್ತೆ. ಹಂಗಂತ ಅವಕ್ಕೆ ಗುಳ್ಳೆ ರೋಗ ಬರೋದೇ ಇಲ್ಲ ಅಂತಲ್ಲ, ಗಾಬರಿ ಬಿದ್ದು ಅಡ್ಡಾದಿಡ್ಡಿ ಮೇಲೆ ಕೆಳಗೆ ಮಾಡಿದ್ರೆ ಬರುತ್ತೆ. ಇದನ್ನ ಕೆಳಗೆ ಸಿಟ್ಟಿನ ಪ್ರಶ್ನೇಲಿ ಮತ್ತೆ ಹೇಳ್ತೀನಿ.

ಉಸಿರಾಡೋಕೆ ಏಳ್ತಾನೇ ಇರ್ಬೇಕಾದ್ರೆ ನಿದ್ದೆ ಯಾವಾಗ?

ಅರ್ಧ ಮೆದುಳು ಮಲಗುತ್ತೆ, ಅರ್ಧ ಎದ್ದಿರುತ್ತೆ. ಡಾಲ್ಫಿನ್‌ಗಳಲ್ಲಿ ಇದು ನಿಜ. ನಮಗೆ ಉಸಿರಾಟ ತಾನಾಗೇ ನಡೆಯುತ್ತೆ, ಅವಕ್ಕೆ ಪ್ರತಿ ಉಸಿರೂ ಬೇಕು ಅಂತ ತಗೋಬೇಕು, ಪೂರ್ತಿ ಮಲಗಿದ್ರೆ ಮುಗೀತು. ಕಥೇಲಿ ಮರಿ ಹುಟ್ಟಿದ ಹೊಸದ್ರಲ್ಲಿ ತಾಯಿ ಡೊಳ್ಳಿ ನಿದ್ದೆನೇ ಮಾಡದಂಗೆ ಸುತ್ತುತ್ತಿರುತ್ತೆ ಅಂತ ಬರ್ದಿದ್ದಕ್ಕೆ ಒಬ್ಬ ತಾಯಿ ಓದುಗರು ‘ಇದರಲ್ಲಿ ಸೈನ್ಸ್ ಫಿಕ್ಷನ್ ಎಲ್ಲೈತೆ’ ಅಂತ ಕೇಳಿದ್ರು.

ಡೊಳ್ಳಿ ಹಾಲಲ್ಲಿ ಬೆಣ್ಣೆ ತೆಗೀಬಹುದಾ?

ದಾವಣಗೆರೆಯೋರು ಬಿಟ್ರೆ ಇನ್ಯಾರೂ ಕೇಳಲ್ಲ ಇದನ್ನ. ತೆಗೀಬಹುದು ಏನು, ಅದು ಹೆಚ್ಚು ಕಮ್ಮಿ ಬೆಣ್ಣೆನೇ. ಎಮ್ಮೆ ಹಾಲಲ್ಲಿ ಕೊಬ್ಬು ನೂರಕ್ಕೆ ಏಳೆಂಟು, ದೊಡ್ಡ ತಿಮಿಂಗಿಲಗಳ ಹಾಲಲ್ಲಿ ಮೂವತ್ತು ನಲವತ್ತು. ನೀರು ಗಾಳಿಗಿಂತ ಇಪ್ಪತ್ತೈದು ಪಟ್ಟು ಬೇಗ ಮೈಬಿಸಿ ಎಳೆಯುತ್ತೆ, ಮರಿ ಚರ್ಮದಡಿ ಬೇಗ ಕೊಬ್ಬು ಕಟ್ಟದಿದ್ರೆ ಬದುಕಲ್ಲ. ಮರಿಗೆ ನಮ್ಮ ಥರ ತುಟಿ ಇಲ್ಲ ಚೀಪೋಕೆ, ತಾಯಿನೇ ಬಾಯಿಗೆ ಚಿಮ್ಮಿಸುತ್ತೆ, ಅದೂ ಮರಿ ಉಸಿರು ಕಟ್ಟಿರೋ ಕೆಲವೇ ಕ್ಷಣದಲ್ಲಿ. ನೀರಾದ ಹಾಲಾದ್ರೆ ಅಷ್ಟರಲ್ಲಿ ಹೊಟ್ಟೆ ತುಂಬಲ್ಲ, ಗಟ್ಟಿ ಇರಲೇಬೇಕು. ದೋಸೆಗೆ ಹಾಕ್ಬಹುದಾ ಅಂತ ಮುಂದಿನ ಪ್ರಶ್ನೆ ಬೇಡ, ಕಥೇಲಿ ಅದನ್ನ ಮಾಡಿದ ಅಡುಗೆಯವನಿಗೆ ಏನಾಯ್ತು ಅಂತ ಮೂರನೇ ಕಥೇಲಿ ಐತೆ.

ಅವು ಮಾತಾಡ್ತಾವಾ? ಮನುಷ್ಯರ ಭಾಷೆ ಕಲಿಯುತ್ತಾ?

ಮನುಷ್ಯರ ಭಾಷೆ ಇಲ್ಲ. ಪ್ರಾಣಿ ಬಾಯಿಗೆ ನಮ್ಮ ಡೈಲಾಗ್ ಹಾಕೋ ಕಥೆ ನನಗೆ ಓದೋಕಾಗಲ್ಲ, ಬರೆಯೋದು ದೂರದ ಮಾತು. ಆದ್ರೆ ತಮ್ಮೊಳಗೆ ಏನೋ ಹೇಳ್ಕೊಳ್ತಾವೆ. ಭೂಮಿ ಮೇಲೂ ಬಾಟಲ್‌ನೋಸ್ ಡಾಲ್ಫಿನ್ ಒಂದೊಂದಕ್ಕೂ ತನ್ನದೇ ಒಂದು ಸಿಳ್ಳೆ ಐತೆ, ಹೆಸರಿಟ್ಟಂಗೆ. ಸ್ಪರ್ಮ್ ತಿಮಿಂಗಿಲಗಳು ಟಕ್ ಟಕ್ ಟಕಟಕ ಅಂತ ಕ್ಲಿಕ್‌ಗಳ ಗುಂಪು ಕಳಿಸ್ತಾವೆ, ಒಂದೊಂದು ಬಳಗದ್ದು ಒಂದೊಂದು ಶೈಲಿ. 2024ರಲ್ಲಿ ಕೆರಿಬಿಯನ್‌ನ ಡೊಮಿನಿಕಾ ಹತ್ರದ ತಿಮಿಂಗಿಲಗಳ ಸಾವಿರಾರು ಕ್ಲಿಕ್ ಗುಂಪು ಜಾಲಾಡಿ ಅದರೊಳಗೆ ತಾಳ, ಲಯ ಬೇರೆ ಬೇರೆ ಕೂಡಿಸಿ ಆಡೋ ಜೋಡಣೆ ಐತೆ ಅಂತ ತೋರಿಸಿದ್ರು. ಅರ್ಥ ಏನು ಅಂತ ಇನ್ನೂ ಯಾರಿಗೂ ಬಿಡಿಸೋಕಾಗಿಲ್ಲ. ಕಥೇಲೂ ಬಿಡಿಸಲ್ಲ, ಎಷ್ಟು ಕೇಳಿದ್ರೂ ಬಿಡಿಸಲ್ಲ.

ಒಂದು ಡೊಳ್ಳಿ ಕೂಗು ಅರ್ಧ ಗ್ರಹಕ್ಕೆ ಕೇಳುತ್ತೆ ಅಂತ ಬರ್ದಿದೀರಿ, ಕೈಗೆ ಬಂದಂಗೆ ಬರ್ದ್ರಾ?

ಇಲ್ಲ. ಗಾಳೀಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್, ನೀರಲ್ಲಿ 1,500. ದಾವಣಗೆರೆಯಿಂದ ಬೆಂಗಳೂರಿಗೆ ನೇರ ಗೆರೆ ಎಳೆದ್ರೆ ಹೆಚ್ಚು ಕಮ್ಮಿ 240 ಕಿಲೋಮೀಟರ್, ನಡುವೆ ಎಲ್ಲಾ ಸಮುದ್ರ ಆಗಿದ್ರೆ ಇಲ್ಲಿ ಕೂಗಿದ್ದು ಅಲ್ಲಿಗೆ ಎರಡು ನಿಮಿಷ ನಲವತ್ತು ಸೆಕೆಂಡಲ್ಲಿ ಮುಟ್ಟುತ್ತೆ.

ಬರೀ ವೇಗ ಸಾಲಲ್ಲ, ದಾರಿನೂ ಬೇಕು. ಕೆಳಗಿಳಿದಂಗೆ ನೀರು ತಣ್ಣಗಾಗಿ ಶಬ್ದ ನಿಧಾನ ಆಗುತ್ತೆ, ಇನ್ನೂ ಕೆಳಗೆ ಒತ್ತಡ ಏರಿ ಮತ್ತೆ ಜೋರಾಗುತ್ತೆ, ಮಧ್ಯೆ ಒಂದು ಪದರದಲ್ಲಿ ಅತೀ ನಿಧಾನ. ಶಬ್ದ ಯಾವಾಗ್ಲೂ ನಿಧಾನದ ಕಡೆಗೇ ಬಾಗುತ್ತೆ, ಹಾಗಾಗಿ ಆ ಪದರಕ್ಕೆ ಬಿದ್ದ ಕೂಗು ಮೇಲೂ ಹೋಗಲ್ಲ, ತಳಕ್ಕೂ ಬಡಿಯಲ್ಲ, ಒಳಗೇ ಸಾಗ್ತಾ ಹೋಗುತ್ತೆ. ಭೂಮಿ ಮೇಲೆ ಬೇಕಾದಷ್ಟು ಕಡೆ ಇದು ಒಂದು ಕಿಲೋಮೀಟರ್ ಆಳದಲ್ಲಿ ಸಿಗುತ್ತೆ. 1991ರಲ್ಲಿ ಹಿಂದೂ ಮಹಾಸಾಗರದ ದಕ್ಷಿಣದಲ್ಲಿರೋ ಹರ್ಡ್ ದ್ವೀಪದ ಹತ್ರ ನೀರೊಳಗೆ ಶಬ್ದ ಬಿಟ್ಟು ಪರೀಕ್ಷೆ ಮಾಡಿದಾಗ ಅಮೆರಿಕದ ಎರಡೂ ಕರಾವಳಿ ಕಡೆ ಕೇಳಿಸ್ತು. ಹಿರೇಕೆರೇಲಿ ಆ ಪದರ 700 ಮೀಟರಿಗೆ ಇಟ್ಟಿದೀನಿ, ಅಡ್ಡ ಬರೋಕೆ ಖಂಡಗಳೇ ಇಲ್ಲ.

ಆದ್ರೆ ನೋಡ್ರಿ, 700 ಮೀಟರಿಗೆ ಇಳಿದು ಕೂಗಿ ಉತ್ತರ ಕೇಳ್ಕೊಂಡು ವಾಪಸ್ ಬರೋಕೂ ಆ 50 ನಿಮಿಷನೇ. ಐದು ಸಾವಿರ ಕಿಲೋಮೀಟರ್ ಆಚೆ ಇರೋಳ ಉತ್ತರ ಬರೋಕೆ ಹೋಗಿ ಬಂದು ಸುಮಾರು ಎರಡು ಗಂಟೆ ಬೇಕು. ಕೂಗಿದೋಳು ಕಾಯೋಕಾಗಲ್ಲ. ಅದಕ್ಕೇ ಒಬ್ಬಳು ಕೂಗಿ ಮೇಲೆ ಹೋಗ್ತಾಳೆ, ಇನ್ನೊಬ್ಬಳು ಇಳಿದು ಕಾಯ್ತಾಳೆ, ಮೂರನೆಯವಳು ಬಂದು ಉತ್ತರ ಕೇಳ್ತಾಳೆ. ಒಂಟಿ ಡೊಳ್ಳಿ ದೂರದೋರ ಹತ್ರ ಮಾತಾಡೋಕೆ ಸಾಧ್ಯನೇ ಇಲ್ಲ. ಹಿಂಡು ಯಾಕೆ ಬೇಕು ಅನ್ನೋದಕ್ಕೆ ನನಗೆ ಸಿಕ್ಕ ಉತ್ತರ ಇದು, ಇಡೀ ಕಥೇಲಿ ನನಗೆ ಇಷ್ಟದ ಭಾಗನೂ ಇದೇ.

ಅಜ್ಜಿನೇ ಯಾಕೆ ಯಜಮಾನಿ? ಫೆಮಿನಿಸಂ ತುರುಕಿದೀರಾ?

ಓರ್ಕಾಗಳಿಗೆ ಹೋಗಿ ಹೇಳ್ರಿ. ಮುಟ್ಟು ನಿಂತ ಮೇಲೂ ದಶಕಗಟ್ಟಲೆ ಬದುಕೋ ಹೆಣ್ಣುಗಳು ಪ್ರಾಣಿಲೋಕದಲ್ಲಿ ಬಹಳ ಅಪರೂಪ, ಮನುಷ್ಯರನ್ನ ಬಿಟ್ರೆ ಹಲ್ಲಿನ ತಿಮಿಂಗಿಲಗಳ ಐದು ಜಾತಿಲಿ ಅದು ಕಾಣುತ್ತೆ, ಓರ್ಕಾ ಅದರಲ್ಲೊಂದು. ಸಾಲ್ಮನ್ ಮೀನು ಕಮ್ಮಿ ಆದ ವರ್ಷಗಳಲ್ಲಿ ಹಿಂಡಿನ ಮುಂದೆ ಈಜೋದು ಹೆಚ್ಚಾಗಿ ಈ ಅಜ್ಜಿಯರೇ ಅಂತ 2015ರಲ್ಲಿ ಲೆಕ್ಕ ಸಮೇತ ತೋರಿಸಿದಾರೆ, ಹಳೇ ಬರಗಾಲ ಕಂಡೋರು ಅವರೇ ಅಲ್ವಾ.

ಕಥೇಲಿ ಜನ ಅವಳನ್ನ ದೊಡ್ಡವ್ವ ಅಂತಾರೆ. ಮೊದಲನೇ ಕಥೇಲಿ ತೆಪ್ಪದಲ್ಲಿ ಮಲಗಿದ್ದ ಹುಡುಗಿಗೆ ರಾತ್ರಿ ಪಕ್ಕದಲ್ಲೇ ದೊಡ್ಡವ್ವ ಎದ್ದಿದ್ದು ಗೊತ್ತಾಗೋದು ಮೊದ್ಲು ವಾಸನೆಯಿಂದ, ಹಳಸಿದ ಮೀನಿನ ಬಿಸಿ ಗಾಳಿ ಮುಖಕ್ಕೆ ಬಡಿದು ಕಣ್ಣು ಉರಿಯುತ್ತೆ, ಆಮೇಲೆ ಆ ಉದ್ದ ಸೀಳು ಮುಚ್ಚೋ ಸದ್ದು, ಒದ್ದೆ ಚರ್ಮ ಚರ್ಮಕ್ಕೆ ತಾಗಿದ ಸಣ್ಣ ಚಪ್. ಹುಡುಗಿ ಹೆದರ್ಕೊಂಡು ತನ್ನ ಉಸಿರನ್ನೇ ಬಿಗಿ ಹಿಡೀತಾಳೆ. ಆ ಸೀನ್ ಬಗ್ಗೆ ಬಂದಷ್ಟು ಮೆಸೇಜು ಬೇರೆ ಯಾವುದಕ್ಕೂ ಬಂದಿಲ್ಲ, ಅರ್ಧ ಜನ ವಾಸನೆ ಬೇಕಿರ್ಲಿಲ್ಲ ಅಂದ್ರು. ತಿಮಿಂಗಿಲದ ಉಸಿರು ನಾರುತ್ತೆ ಕಣ್ರೀ, ಹತ್ರ ಹೋದೋರೆಲ್ಲ ಹೇಳೋದು ಅದನ್ನೇ.

ಎಷ್ಟು ವರ್ಷ ಬದುಕ್ತಾವೆ?

ಕಥೇಲಿ ನೂರೈವತ್ತು. ಭೂಮಿ ಮೇಲೆ ಬೋಹೆಡ್ ತಿಮಿಂಗಿಲ ಇನ್ನೂರು ದಾಟುತ್ತೆ ಅಂತ ಅಂದಾಜು ಐತೆ. 2007ರಲ್ಲಿ ಅಲಾಸ್ಕಾದಲ್ಲಿ ಹಿಡಿದ ಒಂದರ ಮೈಯೊಳಗೆ 1880ರ ಆಸುಪಾಸಲ್ಲಿ ಮಾಡಿದ್ದ ಈಟಿಯ ತುಂಡು ಸಿಕ್ತು. ಮನುಷ್ಯ ಚುಚ್ಚಿದ್ದನ್ನ ಮೈಯಲ್ಲಿ ಇಟ್ಕೊಂಡೇ ನೂರಕ್ಕೂ ಜಾಸ್ತಿ ವರ್ಷ ಈಜಿತ್ತು ಅದು.

ಡೊಳ್ಳಿಗಳಿಗೆ ಮನುಷ್ಯರ ಮೇಲೆ ಅಷ್ಟು ಸಿಟ್ಟು ಯಾಕೆ? ಹುಟ್ಟಿಸಿದ್ದೇ ಮನುಷ್ಯರಲ್ವಾ?

ಸಿಟ್ಟಿಲ್ಲ, ಸದ್ದು. ಕಥೇಲಿ ಜನ ಸಮುದ್ರದ ತಳ ಕೊರೆಯೋಕೆ ಶುರು ಮಾಡ್ತಾರೆ. ಗಣಿ ಪಕ್ಕದ ಊರೋರಿಗೆ ಬ್ಲಾಸ್ಟಿಂಗ್ ಅಂದ್ರೆ ಏನು ಅಂತ ನಾನು ಹೇಳ್ಬೇಕಾಗಿಲ್ಲ, ಗೋಡೆ ಬಿರುಕು ಬಿಡುತ್ತೆ, ಎಮ್ಮೆ ಬೆದರುತ್ತೆ. ಈಗ ಕಿವಿ ಬಿಟ್ರೆ ಬೇರೇನೂ ಇಲ್ಲದ ಪ್ರಾಣಿಗೆ, ಶಬ್ದ ನಾಕು ಪಟ್ಟು ಬೇಗ ಓಡೋ ನೀರೊಳಗೆ, ಹಗಲು ರಾತ್ರಿ ಅದು ಹೆಂಗಿರುತ್ತೆ ಯೋಚ್ನೆ ಮಾಡ್ರಿ.

ಇದು ನಾನು ಕಟ್ಟಿದ ಕಷ್ಟ ಅಲ್ಲ. 2002ರಲ್ಲಿ ಕ್ಯಾನರಿ ದ್ವೀಪಗಳ ಹತ್ರ ನೌಕಾಪಡೆಗಳ ಅಭ್ಯಾಸ ನಡೆದಾಗ 14 ಬೀಕ್ಡ್ ತಿಮಿಂಗಿಲಗಳು ದಡಕ್ಕೆ ಬಂದು ಬಿದ್ವು, ಒಳಗೆ ನೋಡಿದ್ರೆ ಗುಳ್ಳೆ ರೋಗದ ಗುರುತು. ಸೋನಾರ್, ಅಂದ್ರೆ ನೀರೊಳಗೆ ಶಬ್ದ ಬಿಟ್ಟು ಹುಡುಕೋ ಯಂತ್ರ, ಅದರ ಸದ್ದಿಗೆ ಗಾಬರಿಯಾಗಿ ಮುಳುಗೋ ಲೆಕ್ಕ ತಪ್ಪಿಸ್ಕೊಂಡಿದ್ವು ಅನ್ನೋದು ವಿವರಣೆ. 2004ರಲ್ಲಿ ಸ್ಪೇನ್ ಅಲ್ಲಿ ಸೋನಾರ್ ನಿಲ್ಲಿಸ್ತು, ಆಮೇಲೆ ಅಂಥ ಸಾಮೂಹಿಕ ಸಾವು ಅಲ್ಲಿ ಆಗಿಲ್ಲ. ಇನ್ನೊಂದು ಕಡೆ, 2001ರ ಸೆಪ್ಟೆಂಬರ್ ದಾಳಿ ಆದ್ಮೇಲೆ ಕೆನಡಾದ ಫಂಡಿ ಕೊಲ್ಲಿಲಿ ಹಡಗು ಓಡಾಟ ತಗ್ಗಿ ಸಮುದ್ರ ಸುಮ್ನಾದಾಗ ರೈಟ್ ತಿಮಿಂಗಿಲಗಳ ಮಲದಲ್ಲಿ ಒತ್ತಡದ ಹಾರ್ಮೋನ್ ಇಳಿದಿತ್ತು. ಅಂದ್ರೆ ಉಳಿದ ದಿನ ಎಲ್ಲಾ ಅವು ಆ ಒತ್ತಡದಲ್ಲೇ ಬದುಕ್ತಿದ್ವು.

ಡೊಳ್ಳಿಗಳು ದಾಳಿ ಮಾಡಲ್ಲ. ಕೊರೆಯೋ ಕಡೆಯಿಂದ ಜಾಗ ಖಾಲಿ ಮಾಡ್ತಾವೆ, ಕೆಲವು ಮೇಲೆ ಬರೋ ಹೊತ್ತು ತಪ್ಪಿಸ್ಕೊಂಡು ಸಾಯ್ತಾವೆ, ಆ 700 ಮೀಟರಿನ ಪದರದಲ್ಲಿ ಉತ್ತರ ಬರೋದು ನಿಲ್ಲುತ್ತೆ. ಯುದ್ಧದ ಸೀನ್ ಯಾವಾಗ ಬರುತ್ತೆ ಅಂತ ಕೇಳೋರಿಗೆ, ಬರಲ್ಲ.

ವಾಣಿವಿಲಾಸ ಸಾಗರದಲ್ಲಿ ಒಂದು ಹಿಂಡು ಬಿಟ್ರೆ ಬದುಕ್ತಾವಾ?

ಅಣೆಕಟ್ಟೆ ಹತ್ರ 130 ಅಡಿ ನೀರು, ಅದೂ ತುಂಬಿದ್ರೆ. 1907ರಲ್ಲಿ ಕಟ್ಟಿ ಮುಗಿಸಿದ್ದು, 1933ರಲ್ಲಿ ಕೋಡಿ ಬಿದ್ದಿದ್ದು ಬಿಟ್ರೆ ಮತ್ತೆ ಬಿದ್ದಿದ್ದು 2022ರಲ್ಲೇ, ನಡುವಿನ ಅಷ್ಟೂ ವರ್ಷ ಡೊಳ್ಳಿ ಏನು ಮಾಡ್ಬೇಕು. ನನ್ನ ಲೆಕ್ಕದಲ್ಲಿ ಒಂದಕ್ಕೆ ದಿನಕ್ಕೆ 40 ಕೆಜಿ ಮೀನು ಬೇಕು, ಹತ್ತು ಹನ್ನೆರಡು ಇದ್ರೆ ಮೀನು ಟೆಂಡರ್ ಹಿಡಿದೋರು ನನ್ನ ಮನೆ ಹುಡುಕ್ಕೊಂಡು ಬರ್ತಾರೆ. ಸೂಳೆಕೆರೆ ಅಗಲ ಚೆನ್ನಾಗೈತೆ, ಆಳ ಸಾಲಲ್ಲ. ಕುಂದವಾಡ ಕೆರೆ ಕೇಳೋರಿಗೆ ಉತ್ತರ ಇಲ್ಲ.

ನಿಜವಾಗ್ಲೂ ಇಂಥದ್ದೊಂದು ಮಾಡೋಕಾಗುತ್ತಾ?

ಒಂದೆರಡು ಜೀನ್ ತಿದ್ದೋದು ಬೇರೆ, 80 ಕೆಜಿ ಪ್ರಾಣಿನ ಹದಿನಾರು ಪಟ್ಟು ಮಾಡಿ ಇನ್ನೊಂದು ಗ್ರಹದಲ್ಲಿ ಸಾಕೋದು ಬೇರೆ. ಅದಕ್ಕೇ ಕಥೆ. ಇರೋದನ್ನ ಉಳಿಸ್ಕೊಳ್ಳೋದೇ ಕಷ್ಟ ಆಗೈತೆ, ಚೀನಾದ ಯಾಂಗ್‌ಟ್ಸೆ ನದೀಲಿ ಇದ್ದ ಬೈಜಿ ಡಾಲ್ಫಿನ್ 2006ರಲ್ಲಿ ನದಿಯುದ್ದಕ್ಕೂ ಹುಡುಕಿದ್ರೂ ಒಂದೂ ಸಿಗ್ಲಿಲ್ಲ. ನಮ್ಮ ಗಂಗಾ ಡಾಲ್ಫಿನ್ 2009ರಲ್ಲಿ ರಾಷ್ಟ್ರೀಯ ಜಲಚರ ಆಯ್ತು. 2025ರಲ್ಲಿ ಬಂದ ಗಣತಿ ವರದಿಲಿ ಭಾರತದ ನದಿ ಡಾಲ್ಫಿನ್‌ಗಳು ಒಟ್ಟು 6,327 ಅಂತ ಐತೆ, ಅದರಲ್ಲಿ ಸಿಂಧೂ ಡಾಲ್ಫಿನ್ ಬರೀ ಮೂರು.

ನಾವೂ ಡೊಳ್ಳಿ ಕಥೆ ಬರೀಬಹುದಾ? ಚಿತ್ರ ಬಿಡಿಸಬಹುದಾ?

ಧಾರಾಳವಾಗಿ. ಕಿವಿರು ಹಾಕ್ಬೇಡ್ರಿ, ಮಾತಾಡಿಸ್ಬೇಡ್ರಿ. ಕಥೆ ಬರೆಯೋವಾಗ ಪಕ್ಕದಲ್ಲಿ ಒಂದು ಹಾಳೆ ಇಟ್ಕೊಂಡು ನಿಮ್ಮ ಡೊಳ್ಳಿ ಕೊನೇ ಸಲ ಯಾವಾಗ ಉಸಿರು ತಗೊಂಡ್ಳು ಅಂತ ಬರ್ಕೊಳ್ತಾ ಹೋಗ್ರಿ, ಒಂದು ಗಂಟೆ ನೀರೊಳಗೇ ಜಗಳ ಆಡಿಸಿದ ಕಥೆ ಕಳಿಸಿದ್ರೆ ವಾಪಸ್ ಕಳಿಸ್ತೀನಿ. ಚಿತ್ರ ಬಿಡಿಸೋರು ದಯವಿಟ್ಟು ಬಾಲ ಅಡ್ಡಕ್ಕೆ ಹಾಕ್ರಿ, ಮೀನಿನ ಥರ ಉದ್ದಕ್ಕೆ ನಿಲ್ಲಿಸ್ಬೇಡ್ರಿ. ಮೀನಿನ ಬೆನ್ನುಮೂಳೆ ಎಡಕ್ಕೆ ಬಲಕ್ಕೆ ಬಾಗುತ್ತೆ, ಡೊಳ್ಳಿ ಬೆನ್ನು ಓಡೋ ನಾಯಿ ಬೆನ್ನಿನ ಹಂಗೆ ಮೇಲೆ ಕೆಳಗೆ ಬಾಗೋದು, ಬಾಲನೂ ಮೇಲೆ ಕೆಳಗೇ ಹೊಡೀಬೇಕು. ಉಸಿರಿನ ಸೀಳು ತಲೆ ಮೇಲೆ ಉದ್ದಕ್ಕೆ, ಒಂದೇ ಒಂದು. ಇದುವರೆಗೆ ಬಂದ ಚಿತ್ರಗಳಲ್ಲಿ ಮುಕ್ಕಾಲು ಪಾಲು ಎರಡು ಮೂಗು ಹಾಕಿದಾವೆ.